ಹಿಡುವಳಿಯ ಲೆಕ್ಕದಲ್ಲಿ ಸಂಚಿತ ಆವೃತ್ತಿ ನಕ್ಷೆ: ಬೀದರ್, ಭಾಲ್ಕಿ, ಔರಾದ್ ತಾಲ್ಲೂಕುಗಳನ್ನು ಹೋಲಿಸುವ ಬಗೆ

ಶಾಲೆಯ ಗಣಿತದಲ್ಲಿ ಓಜೀವ್, ಅಂದರೆ ಸಂಚಿತ ಆವೃತ್ತಿ ನಕ್ಷೆ, ಎಂದರೆ ಮಧ್ಯಾಂಕ ಕಂಡುಹಿಡಿಯುವ ಒಂದು ಲೆಕ್ಕ, ಅಷ್ಟೇ. ವರ್ಗಾಂತರಗಳು ಸಮವಾಗಿಲ್ಲದ, ಕೊನೆಯ ವರ್ಗಕ್ಕೆ ಮೇಲ್ಮಿತಿಯೇ ಇಲ್ಲದ ದತ್ತಾಂಶ ಎದುರಾದಾಗ ಮಾತ್ರ ಈ ನಕ್ಷೆಯ ನಿಜವಾದ ಬೆಲೆ ಗೊತ್ತಾಗುತ್ತದೆ ಎಂಬುದು ಈ ಲೇಖನದ ವಾದ. 1970–71ರಲ್ಲಿ ಶುರುವಾದ ಕೃಷಿ ಗಣತಿ ಅಂಥದೇ ದತ್ತಾಂಶ. ಅದು ಸಾಗುವಳಿ ಹಿಡುವಳಿಗಳನ್ನು ಹೆಕ್ಟೇರ್ ಲೆಕ್ಕದಲ್ಲಿ ಐದು ಗುಂಪು ಮಾಡುತ್ತದೆ: 1ಕ್ಕಿಂತ ಕಡಿಮೆ, 1–2, 2–4, 4–10, 10 ಮತ್ತು ಅದಕ್ಕೂ ಹೆಚ್ಚು.

ತೊಗರಿ, ಸೋಯಾಬೀನ್, ಉದ್ದು, ಹೆಸರು ಬಿತ್ತುವ ಔರಾದ್ ಕಡೆಯ ಒಂದು ಊರಿನಲ್ಲಿ 60 ಹಿಡುವಳಿಗಳಿವೆ ಎಂದು ಕಲ್ಪಿಸಿಕೊಳ್ಳೋಣ. ಐದು ಗುಂಪುಗಳಲ್ಲಿ ಕ್ರಮವಾಗಿ 18, 21, 14, 6, 1. ಕೂಡಿಸುತ್ತ ಹೋದರೆ ಸಂಚಿತ ಆವೃತ್ತಿ 18, 39, 53, 59, 60. ಬಿಂದುವನ್ನು ವರ್ಗದ ನಡುವೆ ಇಡದೆ ಮೇಲ್ಮಿತಿಯಲ್ಲೇ ಇಡಬೇಕು. 39 ಎಂಬ ಮೊತ್ತ ನಿಜವಾಗುವುದು 2 ಹೆಕ್ಟೇರ್ ತಲುಪಿದ ಮೇಲೆಯೇ. ಮಧ್ಯಾಂಕ 30ನೆಯ ಹಿಡುವಳಿ: 1 + 12/21, ಅಂದರೆ ಸುಮಾರು 1.57 ಹೆಕ್ಟೇರ್, ರೈತರ ಲೆಕ್ಕದಲ್ಲಿ 3 ಎಕರೆ 35 ಗುಂಟೆ. 10 ಹೆಕ್ಟೇರ್ ಮೀರಿದ ಆ ಒಂದು ಹಿಡುವಳಿ 11 ಇರಲಿ, 40 ಇರಲಿ, ಮಧ್ಯಾಂಕ ಕದಲುವುದಿಲ್ಲ. ಸರಾಸರಿಗೋ, ಆ ಮೇಲ್ಮಿತಿಯನ್ನು ಊಹಿಸದೆ ಗತಿಯಿಲ್ಲ.

ಐದು ವರ್ಗಗಳನ್ನು ಅಡ್ಡ ಅಕ್ಷದ ಮೇಲೆ ಸಮ ಅಂತರದಲ್ಲಿ ಬರೆದುಬಿಡುವುದು ಸಾಮಾನ್ಯ ತಪ್ಪು. ಬಿಂದುಗಳನ್ನು ಸರಳರೇಖೆಯಿಂದ ಜೋಡಿಸಿದ್ದರೆ ಇದರಿಂದ ಮಧ್ಯಾಂಕ ಕೆಡುವುದಿಲ್ಲ, ಕೆಡುವುದು ರೇಖೆಯ ಓರೆ. ಸರಿಯಾದ ಅಳತೆಯಲ್ಲಿ 1–2ರ ನಡುವೆ ಹೆಕ್ಟೇರಿಗೆ 21 ಹಿಡುವಳಿಗಳಂತೆ ಏರುವ ರೇಖೆ, 4–10ರಲ್ಲಿ ಹೆಕ್ಟೇರಿಗೆ ಒಂದರಂತೆ ಸಾಗಿ ಬಹುತೇಕ ಮಲಗಿಬಿಡುತ್ತದೆ. ಸಣ್ಣ ಹಿಡುವಳಿಗಳ ದಟ್ಟಣೆ ಕಣ್ಣಿಗೆ ಬೀಳುವುದು ಈ ಓರೆಯಿಂದಲೇ.

ಬೆಳೆಹಾನಿಯ ಇನ್‌ಪುಟ್ ಸಬ್ಸಿಡಿಗೆ ಒಬ್ಬ ರೈತನಿಗೆ 2 ಹೆಕ್ಟೇರ್ ಮಿತಿ ಇದೆ. ನಕ್ಷೆಯಲ್ಲಿ 2ರ ಮೇಲೆ ಲಂಬ ಎಳೆದರೆ 39 ಸಿಗುತ್ತದೆ: ನೂರಕ್ಕೆ 65 ಹಿಡುವಳಿಗಳು ಪೂರ್ತಿಯಾಗಿ ಮಿತಿಯೊಳಗಿವೆ. ಉಳಿದ 35ರಲ್ಲಿ ಸ್ವಲ್ಪ ನೆಲ ಪರಿಹಾರದ ಹೊರಗೆ ಉಳಿಯಬಹುದು. ಮಧ್ಯಾಂಕಕ್ಕಿಂತ ಈ ಓದು ಆಡಳಿತಕ್ಕೆ ಹೆಚ್ಚು ಬೇಕಾದದ್ದು ಎಂದೇ ನನ್ನ ಅಭಿಪ್ರಾಯ.

ಮೂರು ತಾಲ್ಲೂಕುಗಳ ಹಿಡುವಳಿ ಸಂಖ್ಯೆ ಬೇರೆಬೇರೆ ಇರುವುದರಿಂದ, ಒಂದೇ ಹಾಳೆಯ ಮೇಲೆ ತರುವಾಗ ಶೇಕಡಾವಾರು ಮಾಡಿಕೊಳ್ಳಬೇಕು. ಗಣಿತಜ್ಞ ಫೂರಿಯೇ 1821ರಲ್ಲಿ ಪ್ಯಾರಿಸ್ಸಿನ ಜನರ ವಯಸ್ಸಿಗೆ ಇಂಥ ರೇಖೆ ಎಳೆದಾಗಲೂ ಹತ್ತು ಸಾವಿರಕ್ಕೆ ಇಷ್ಟು ಎಂದೇ ಲೆಕ್ಕ ಹಾಕಿದ್ದ. ಔರಾದ್ ರೇಖೆ ಉದ್ದಕ್ಕೂ ಬೀದರ್ ರೇಖೆಯ ಕೆಳಗಿದ್ದರೆ, ಯಾವ ಮಿತಿ ಹಿಡಿದರೂ ಅದನ್ನು ಮೀರಿದ ಹಿಡುವಳಿಗಳ ಪ್ರಮಾಣ ಔರಾದಿನಲ್ಲೇ ಹೆಚ್ಚು. ರೇಖೆಗಳು ಒಂದನ್ನೊಂದು ಕತ್ತರಿಸಿದರೆ ಮಧ್ಯಾಂಕವೊಂದನ್ನೇ ನಂಬಿ ಹೋಲಿಸುವುದು ಸಲ್ಲದು.

ಹಿಂದಿನ ಗಣತಿಯೊಡನೆ ಹೋಲಿಸುವವರು ಇನ್ನೊಂದು ಸಂಗತಿ ಗಮನಿಸಬೇಕು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಮಲನಗರ ಮೊದಲು ಔರಾದಿನಲ್ಲೇ ಇತ್ತು. ವರ್ಗಮಿತಿಗಳು ಒಂದೇ ಆಗಿರುವುದರಿಂದ ಎರಡರ ಸಂಚಿತ ಆವೃತ್ತಿಗಳನ್ನು ನೇರವಾಗಿ ಕೂಡಿಸಬಹುದು. ಶೇಕಡಾವಾರನ್ನು ಮಾತ್ರ ಕೂಡಿಸಿ ಎರಡರಿಂದ ಭಾಗಿಸಬಾರದು, ಒಟ್ಟು ಸಂಖ್ಯೆಯಿಂದ ಹೊಸದಾಗಿಯೇ ತೆಗೆಯಬೇಕು.