ಮ್ಯಾನೇಜರು ಯಾರ ಆಳು?

ಹಳ್ಳಿ ಉದ್ಧಾರ ಆಗ್ಬೇಕು ಅಂದ್ರೆ ಓದಿದವರು ಹಳ್ಳಿಗೆ ಹೋಗ್ಬೇಕು ಅನ್ನೋ ಮಾತನ್ನ ಶಾಲೆಯ ಭಾಷಣ ಸ್ಪರ್ಧೆಯ ಕಾಲದಿಂದಲೂ ನಾವೆಲ್ಲ ಕೇಳ್ತಾ ಬಂದಿದ್ದೇವೆ. ಸರಿ, ಹೋದರು ಅಂತಲೇ ಇಟ್ಕೊಳ್ಳಿ. ಹೋದವರು ಅಲ್ಲಿ ಯಾರ ಮಾತು ಕೇಳಬೇಕು? ಅವರ ಸಂಬಳ ಯಾರ ಜೇಬಿನಿಂದ ಬರಬೇಕು? ಕೆಲಸ ಸರಿ ಮಾಡದಿದ್ರೆ ಮನೆಗೆ ಕಳಿಸೋರು ಯಾರು? ಈ ಮೂರು ಪ್ರಶ್ನೆ ಇಟ್ಟುಕೊಂಡು ಹಳ್ಳಿಯ ಇತಿಹಾಸ ಓದಿದರೆ ಯಾವ ಪ್ರಯತ್ನ ಯಾಕೆ ಗೆದ್ದಿತು, ಯಾವುದು ಯಾಕೆ ಸೋತಿತು ಅನ್ನೋದು ಬೇಗ ಅರ್ಥವಾಗುತ್ತೆ ಅಂತ ನನಗೆ ಅನ್ನಿಸಿದೆ.

ಮ್ಯಾನೇಜರು ಅನ್ನೋ ಪದ ಹೊಸದು, ಕೆಲಸ ಹಳೇದು. ಹಳೇ ಮೈಸೂರಿನ ಹಳ್ಳಿಯಲ್ಲಿ ಶಾನುಭೋಗರು ಇದ್ದರು, ಪಟೇಲರು ಇದ್ದರು. ಜಮೀನಿನ ಲೆಕ್ಕ, ಕಂದಾಯದ ಬಾಕಿ, ಯಾರ ಹೊಲ ಎಲ್ಲಿಗೆ ಮುಗಿಯುತ್ತೆ ಅನ್ನೋದೆಲ್ಲ ಶಾನುಭೋಗರ ಕಡತದಲ್ಲಿ. ಕಂದಾಯ ವಸೂಲಿ, ಊರಿನ ಶಿಸ್ತು ಪಟೇಲರ ಕೈಯಲ್ಲಿ. ಇಬ್ಬರಿಗೂ ಹುದ್ದೆ ವಂಶಪಾರಂಪರ್ಯವಾಗಿ ಬರುತ್ತಿತ್ತು. ಊರಿನ ಬಗ್ಗೆ ಅವರಿಗೆ ತಿಳಿಯದ್ದು ಏನೂ ಇರಲಿಲ್ಲ. ಆದರೆ ಅವರು ಲೆಕ್ಕ ಒಪ್ಪಿಸುತ್ತಿದ್ದದ್ದು ಮೇಲಿನ ಅಮಲ್ದಾರರಿಗೆ, ಊರಿನ ಜನಕ್ಕಲ್ಲ. ಓದು ಬರಹ ಬಾರದ ರೈತನಿಗೆ ಆ ಕಡತದಲ್ಲಿ ಏನಿದೆ ಅಂತ ಕೇಳುವ ಧೈರ್ಯವೂ ಇರಲಿಲ್ಲ. 1961ರ ಕಾಯ್ದೆ ಈ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದು ಮಾಡಿತು.

ಅಷ್ಟರಲ್ಲಿ ಇನ್ನೊಂದು ಬಗೆಯ ಮ್ಯಾನೇಜರು ಹಳ್ಳಿಗೆ ಬಂದಾಗಿತ್ತು. 1952ರ ಅಕ್ಟೋಬರ್ 2ರಂದು ದೇಶದಲ್ಲಿ 55 ಕಡೆ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯ್ತು. ಬ್ಲಾಕಿಗೊಬ್ಬ ಬಿಡಿಒ, ಕೆಲವು ಹಳ್ಳಿಗೊಬ್ಬ ಗ್ರಾಮಸೇವಕ. ಬೀಜ, ಗೊಬ್ಬರ, ಬಾವಿ, ರಸ್ತೆ, ಶಾಲೆ ಎಲ್ಲ ಇವರ ತಲೆ ಮೇಲೆ. ಉದ್ದೇಶ ಚೆನ್ನಾಗೇ ಇತ್ತು. ಐದೇ ವರ್ಷಕ್ಕೆ, 1957ರಲ್ಲಿ, ಬಲವಂತರಾಯ್ ಮೆಹ್ತಾ ಸಮಿತಿ ಇದನ್ನೆಲ್ಲ ನೋಡಿ, ಜನ ಇದನ್ನ ತಮ್ಮದು ಅಂದುಕೊಂಡಿಲ್ಲ ಅನ್ನೋ ತೀರ್ಮಾನಕ್ಕೆ ಬಂತು. ಪಂಚಾಯತ್ ರಾಜ್ ಬಂದದ್ದು ಆ ಸಮಿತಿಯ ಸಲಹೆಯಿಂದ. ಗ್ರಾಮಸೇವಕನೂ ಮೇಲೆಯೇ ವರದಿ ಕಳಿಸಬೇಕಿತ್ತು. ಎಷ್ಟು ಚೀಲ ಗೊಬ್ಬರ ಹಂಚಿದೆ ಅನ್ನೋದು ವರದಿಗೆ ಬೇಕು, ಯಾರ ಹೊಲಕ್ಕೆ ಹೋಯಿತು ಅನ್ನೋದು ಬೇಡ.

ಯಾರ ಹೊಲಕ್ಕೆ ಅನ್ನೋದೇ ಮುಖ್ಯ ಅಂತ ತೋರಿಸಿದವರು ನಮ್ಮವರೇ ಆದ ಎಂ.ಎನ್. ಶ್ರೀನಿವಾಸ್. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಕೂತು ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಆ ಊರಿಗೆ ರಾಂಪುರ ಅಂತ ಹೆಸರಿಟ್ಟರು. 'ಪ್ರಬಲ ಜಾತಿ' ಅನ್ನೋ ಅವರ ವಿಚಾರ ಈಗ ಎಲ್ಲರ ಬಾಯಲ್ಲೂ ಇದೆ. ಸಂಖ್ಯೆ, ಜಮೀನು, ರಾಜಕೀಯ ಬಲ ಇರುವ ಜಾತಿಯ ಮುಖಂಡರೇ ಊರಿನ ನಿಜವಾದ ತೀರ್ಮಾನ ಮಾಡೋರು. ಅಂದ್ರೆ 'ಹಳ್ಳಿ' ಅಂತ ಒಂದೇ ಒಂದು ವಸ್ತು ಇಲ್ಲ. ಹಳ್ಳಿಗೆ ಅಂತ ಕೊಟ್ಟದ್ದು ಮೊದಲು ಯಾರ ಮನೆ ಬಾಗಿಲಿಗೆ ಹೋಗುತ್ತೆ ಅಂತ ನೋಡದ ಮ್ಯಾನೇಜರು ಗೊತ್ತಿಲ್ಲದೇನೇ ಬಲ ಇದ್ದವರ ಆಳಾಗಿಬಿಡ್ತಾನೆ.

ಈಗ ಗುಜರಾತಿಗೆ ಬನ್ನಿ. ಖೇಡಾ ಜಿಲ್ಲೆಯ ಹಾಲನ್ನು ಮುಂಬೈಗೆ ಕಳಿಸುವ ಹಕ್ಕು ಪೋಲ್ಸನ್ ಕಂಪನಿಗೆ ಸಿಕ್ಕಿತ್ತು, ರೈತರಿಗೆ ಸಿಗುತ್ತಿದ್ದ ಬೆಲೆ ಕಡಿಮೆ. ಸರ್ದಾರ್ ಪಟೇಲರ ಸಲಹೆಯಂತೆ 1946ರ ಜನವರಿಯಲ್ಲಿ ಸಮರ್ಖಾ ಅನ್ನೋ ಹಳ್ಳಿಯಲ್ಲಿ ಸಭೆ ಸೇರಿ, ಸುಮಾರು ಹದಿನೈದು ದಿನ ರೈತರು ಹಾಲು ಕೊಡೋದನ್ನೇ ನಿಲ್ಲಿಸಿದರು. ಅದೇ ವರ್ಷ ಡಿಸೆಂಬರ್ 14ಕ್ಕೆ ಸಹಕಾರಿ ಒಕ್ಕೂಟ ನೋಂದಣಿಯಾಯ್ತು. ಗಮನಿಸಿ, ಇಷ್ಟೆಲ್ಲ ಆದಾಗ ಅಲ್ಲಿ ವೃತ್ತಿಪರ ಮ್ಯಾನೇಜರು ಯಾರೂ ಇರಲಿಲ್ಲ. ತ್ರಿಭುವನದಾಸ್ ಪಟೇಲ್ ಅನ್ನೋ ನಾಯಕರಿದ್ದರು, ಅವರ ಹಿಂದೆ ರೈತರಿದ್ದರು.

ವರ್ಗೀಸ್ ಕುರಿಯನ್ ಆನಂದಕ್ಕೆ ಬಂದದ್ದು 1949ರಲ್ಲಿ, ಅದೂ ಸರ್ಕಾರಿ ವಿದ್ಯಾರ್ಥಿವೇತನದ ಕರಾರಿನಿಂದಾಗಿ, ಮನಸ್ಸಿಲ್ಲದ ಮನಸ್ಸಿನಿಂದ. ಅವರನ್ನು ಉಳಿಸಿಕೊಂಡವರು ತ್ರಿಭುವನದಾಸ್. ಆಮೇಲೆ ಎಮ್ಮೆ ಹಾಲಿನ ಪುಡಿ ಮಾಡುವ ದಾರಿ ಕಂಡುಹಿಡಿದ ದಲಾಯ ಅವರಂಥ ತಂತ್ರಜ್ಞರೂ ಜೊತೆಯಾದರು. ಕುರಿಯನ್ ಅಷ್ಟು ದೊಡ್ಡ ಹೆಸರು ಮಾಡಿದ ಮೇಲೂ, ತಾನು ರೈತರ ನೌಕರ ಅಂತಲೇ ಹೇಳಿಕೊಳ್ಳುತ್ತಿದ್ದರು. ಇದು ಬರೀ ವಿನಯದ ಮಾತಲ್ಲ ಅಂತ ನನ್ನ ಅನಿಸಿಕೆ. ಹಳ್ಳಿಯ ಸಂಘಕ್ಕೆ ಸದಸ್ಯರು ಸಮಿತಿ ಆರಿಸುತ್ತಾರೆ, ಸಂಘಗಳು ಸೇರಿ ಒಕ್ಕೂಟದ ಆಡಳಿತ ಮಂಡಳಿ ಆರಿಸುತ್ತವೆ, ಮಂಡಳಿ ಮ್ಯಾನೇಜರನ್ನು ನೇಮಿಸುತ್ತೆ. ಸಂಬಳ ಹಾಲಿನ ದುಡ್ಡಿನಿಂದಲೇ. ಶಾನುಭೋಗರ, ಗ್ರಾಮಸೇವಕರ ಲೆಕ್ಕ ಮೇಲಕ್ಕೆ ಹೋಗುತ್ತಿದ್ದರೆ, ಇಲ್ಲಿ ಅದು ಕೆಳಕ್ಕೆ ಬಂತು. ಎರಡು ಹೊತ್ತೂ ಹಾಲು ಅಳೆದು, ಕೊಬ್ಬಿನಂಶ ನೋಡಿ ಎಲ್ಲರೆದುರಿಗೇ ದರ ಕಟ್ಟುವಾಗ ಒಬ್ಬ ಬಡವಿಯೂ ಲೆಕ್ಕ ಕೇಳಬಹುದಿತ್ತು.

ಹಾಗಂತ ಆನಂದ ಸ್ವರ್ಗವೇನಲ್ಲ. ಎಮ್ಮೆ ಇಲ್ಲದವನಿಗೆ, ಮೇವಿಗೆ ಜಮೀನಿಲ್ಲದವನಿಗೆ ಈ ಸರತಿಯಲ್ಲಿ ಜಾಗ ಕಷ್ಟ. ಜಮೀನಿದ್ದ ಪಾಟೀದಾರರು ಸಂಘಗಳಲ್ಲಿ ಮುಂದಿದ್ದರು. ಶ್ರೀನಿವಾಸ್ ಹೇಳಿದ್ದು ಇಲ್ಲೂ ಸುಳ್ಳಾಗಲಿಲ್ಲ.

ಆ ಜಾಗ ಸಿಗದವರ ಕಡೆಯಿಂದಲೇ ಶುರು ಮಾಡಿದ ಇನ್ನೊಬ್ಬರ ಕತೆ ಕಡಿಮೆ ಜನಕ್ಕೆ ಗೊತ್ತು. ರವಿ ಮಥಾಯ್, ಅಹಮದಾಬಾದಿನ ಐಐಎಮ್ಮಿನ ಮೊದಲ ಪೂರ್ಣಾವಧಿ ನಿರ್ದೇಶಕರು. 1965ರಲ್ಲಿ ಆ ಕುರ್ಚಿಗೆ ಬಂದವರು 1972ರಲ್ಲಿ ತಾವಾಗೇ ಬಿಟ್ಟು, ಅಲ್ಲೇ ಮೇಷ್ಟ್ರಾಗಿ ಉಳಿದರು. 1975ರಲ್ಲಿ ರಾಜಸ್ಥಾನದ ಅಜ್ಮೇರ್ ಜಿಲ್ಲೆಯ ಜವಾಜಾಕ್ಕೆ ಹೋದರು. ಬರದ ಸೀಮೆ, ಸುಮಾರು 200 ಹಳ್ಳಿ, 80,000 ಜನ. ಇಲ್ಲಿ ಜನ ಬಿಟ್ಟರೆ ಬೇರೆ ಸಂಪನ್ಮೂಲವೇ ಇಲ್ಲ ಅನ್ನೋದು ಸರ್ಕಾರಿ ಅಭಿಪ್ರಾಯ. ಹಾಗಾದ್ರೆ ಜನರಿಂದಲೇ ಶುರು ಮಾಡೋಣ ಅಂದರು ಮಥಾಯ್. ಚರ್ಮದ ಕೆಲಸದವರು, ನೇಕಾರರು, ಇಬ್ಬರೂ ಊರಿನ ಕೆಳಗಿನ ತುದಿಯವರು. ಕಸುಬಿತ್ತು, ಆದರೆ ಕಚ್ಚಾ ಮಾಲು, ಸಾಲ, ಮಾರಾಟ ಎಲ್ಲ ಬೇರೆಯವರ ಕೈಯಲ್ಲಿ. ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿಯವರು ಬಂದು ಪೇಟೆಗೆ ಹೊಂದುವ ಚೀಲ, ಕಂಬಳಿ ಮಾಡೋದನ್ನ ಅವರ ಜೊತೆ ಕೂತು ರೂಪಿಸಿದರು. ಲೆಕ್ಕ ಬರೆಯೋದು, ಬ್ಯಾಂಕಿಗೆ ಹೋಗೋದು, ವ್ಯಾಪಾರಿಯ ಹತ್ತಿರ ಚೌಕಾಸಿ ಮಾಡೋದು ಕುಶಲಕರ್ಮಿಗಳೇ ಕಲಿಯಬೇಕು, ಹೊರಗಿನವರು ಒಂದು ದಿನ ಬೇಡವಾಗಬೇಕು ಅನ್ನೋದು ಯೋಜನೆಯ ಗುರಿ. ಅವರದ್ದೇ ಒಂದು ಕೂಟ ಕಟ್ಟಿಕೊಂಡರು. ಮಥಾಯ್ 1984ರಲ್ಲಿ ತೀರಿಕೊಂಡ ಮೇಲೂ ಅದು ದಶಕಗಳ ಕಾಲ ನಡೆಯಿತು. ಸಂಖ್ಯೆಯಲ್ಲಿ ಅದು ಅಮುಲ್ ಮುಂದೆ ಏನೇನೂ ಅಲ್ಲ, ನಿಜ. ಆದರೆ ತಾನು ಬೇಡವಾಗೋದೇ ತನ್ನ ಗೆಲುವು ಅಂದುಕೊಂಡ ಮ್ಯಾನೇಜರು ಎಷ್ಟು ಜನ ಇದ್ದಾರೆ ಹೇಳಿ?

ಇದೆಲ್ಲ ಹಳೇ ಕತೆ ಅನ್ನಬೇಡಿ. ಕರ್ನಾಟಕಕ್ಕೆ ಆನಂದದ ಮಾದರಿ ಬಂದದ್ದು 1974ರ ಹೈನು ಯೋಜನೆಯಿಂದ, 1984ರಲ್ಲಿ ಅದು ಕೆಎಂಎಫ್ ಆಯ್ತು. ನಮ್ಮೂರುಗಳ ಡೈರಿ, ಅದರ ಸೆಕ್ರೆಟರಿ, ಹಾಲು ಪರೀಕ್ಷಕ ಎಲ್ಲ ಅದರ ಮಕ್ಕಳೇ. ಆದರೆ ಮಹಾಮಂಡಳದ ತುದಿಯಲ್ಲಿ ಕೂರುವವರು ಸಾಮಾನ್ಯವಾಗಿ ಸರ್ಕಾರ ಕಳಿಸಿದ ಅಧಿಕಾರಿ. ಮಾದರಿ ತಂದೆವು, ಆ ಮೂರನೇ ಪ್ರಶ್ನೆಯ ಉತ್ತರ ಮಾತ್ರ ಬದಲಾಯಿಸಿಕೊಂಡೆವು.

2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆ ಕಟ್ಟುವ ಯೋಜನೆ ತಂತು. ಒಂದೊಂದಕ್ಕೆ ಮೂರು ವರ್ಷದ ನಿರ್ವಹಣೆಗೆ 18 ಲಕ್ಷ ರೂಪಾಯಿವರೆಗೆ ನೆರವು. ಸಿಇಒ ಸಂಬಳವೂ ಅದರಲ್ಲೇ. ಒಳ್ಳೇದೇ, ಆರಂಭದಲ್ಲಿ ಯಾರಾದ್ರೂ ಕೈ ಹಿಡೀಬೇಕು. ಆದರೆ ಖೇಡಾದಲ್ಲಿ ಮೊದಲು ಜಗಳ, ಆಮೇಲೆ ಸಂಘ, ಆಮೇಲೆ ಮ್ಯಾನೇಜರು. ಇಲ್ಲಿ ಮೊದಲು ಅನುದಾನ, ಆಮೇಲೆ ಸಂಸ್ಥೆ, ಅದರ ಜೊತೆಗೇ ಮ್ಯಾನೇಜರು. ಮೂರು ವರ್ಷ ಆ ಹುಡುಗ ಅನುದಾನದ ವರದಿ ಬರೀತಾನೋ ಅಥವಾ ರೈತರಿಗೆ ಲೆಕ್ಕ ಒಪ್ಪಿಸ್ತಾನೋ? ನಾಲ್ಕನೇ ವರ್ಷ ತಮ್ಮ ದುಡ್ಡಿಂದ ಅವನನ್ನ ಉಳಿಸ್ಕೋಬೇಕು ಅಂತ ರೈತರಿಗೆ ಅನ್ನಿಸಿದರೆ ಸಂಸ್ಥೆ ಉಳೀತು ಅಂತ ಅರ್ಥ. ಅನ್ನಿಸದಿದ್ರೆ ಉಳಿಯೋದು ಬೋರ್ಡು ಮಾತ್ರ.

ನಿಮ್ಮೂರಿನ ಡೈರಿಯಲ್ಲೋ ಸೊಸೈಟಿಯಲ್ಲೋ ವಾರ್ಷಿಕ ಸಭೆ ನಡೆದಾಗ ಜಮಾ-ಖರ್ಚಿನ ಬಗ್ಗೆ ಎದ್ದು ನಿಂತು ಪ್ರಶ್ನೆ ಕೇಳೋರು ಯಾರಾದ್ರೂ ಇದ್ದಾರಾ? ಕೇಳಿದರೆ ಉತ್ತರ ಸಿಗುತ್ತಾ? ಗೊತ್ತಿದ್ದವರು ಹೇಳಿ.