ಶಿಲುಬೆಯ ದೂರದ ನೆಂಟರು

ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕನ್ನಡಿಗರಿಗೂ ಕಾಸರಗೋಡಿನವರಾದ ನಮಗೂ ಹಣೆಬರಹ ಬರೆದದ್ದು ಒಂದೇ ದಿನ, 1956ರ ನವೆಂಬರ್ 1ರಂದು. ನಾವು ಕೇರಳಕ್ಕೆ ಸೇರಿದೆವು. ಬೀದರ ಜಿಲ್ಲೆಯ ಮೊದಲೆರಡು ತಾಲೂಕುಗಳು (ನಿರ್ಣಾ ವೃತ್ತವೊಂದನ್ನು ಬಿಟ್ಟು), ಗುಲ್ಬರ್ಗದ ತಾಂಡೂರು ಆಂಧ್ರಪ್ರದೇಶಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ.

ಅಲ್ಲಿ ಕನ್ನಡ ಬೈಬಲ್ ಓದುವವರು ‘ಶಿಲುಬೆ’ ಎಂದರೆ ತೆಲುಗಿನವರು ‘ಸಿಲುವ’ ಎನ್ನುತ್ತಾರೆ. ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ನಮ್ಮಲ್ಲಿ ಹಾಗಲ್ಲ. ಮಲಯಾಳದಲ್ಲಿ ಅದು ‘ಕುರಿಶು’. ಇದು ಪೋರ್ಚುಗೀಸರ ‘ಕ್ರುಸ್’ನಿಂದ ಬಂದದ್ದು, ನಮ್ಮ ಕೊಂಕಣಿ ಕ್ರೈಸ್ತರ ‘ಖುರಿಸ್’ ಕೂಡ ಅದೇ. 1653ರಲ್ಲಿ ಮಟ್ಟಾಂಚೇರಿಯಲ್ಲಿ ನಸ್ರಾಣಿಗಳು ಜೆಸ್ಯೂಟ್ ಪಾದ್ರಿಗಳ ಅಧಿಕಾರವನ್ನು ಧಿಕ್ಕರಿಸಿ ಮಾಡಿದ ಪ್ರತಿಜ್ಞೆಗೂ ‘ಕೂನನ್ ಕುರಿಶು ಸತ್ಯ’ ಎಂದೇ ಹೆಸರು. ಒಡೆಯರು ಬೇಡವಾದರೂ ಅವರ ಪದ ಬಿಡಲಿಲ್ಲ!

ಹತ್ತು ವರ್ಷಗಳ ಮೇಲೆ, 1663ರಲ್ಲಿ, ಡಚ್ಚರು ಕೊಚ್ಚಿಯನ್ನು ಹಿಡಿದರು. ಅವರ ಮಾತಿನಲ್ಲಿ ಶಿಲುಬೆ ‘ಕ್ರಾಯ್ಸ್’, ಶಿಲುಬೆಗೇರಿಸುವುದು ‘ಕ್ರಾಯ್ಸಿಖನ್’. ಇದಕ್ಕೂ ಕ್ರುಸ್‌ಗೂ ಲ್ಯಾಟಿನಿನ ‘ಕ್ರುಕ್ಸ್’ ತಾಯಿ. ಡಚ್ಚರಲ್ಲಿ ಈ ಪದ ಇಗರ್ಜಿಯ ಹೊರಗೂ ಓಡಾಡುತ್ತದೆ. ನಾಣ್ಯ ಚಿಮ್ಮುವಾಗ ಇಂದಿಗೂ ‘ಕ್ರಾಯ್ಸ್ ಒಫ್ ಮುಂಟ್’, ಅಂದರೆ ಶಿಲುಬೆಯೋ ನಾಣ್ಯವೋ, ಎಂದು ಕೇಳುತ್ತಾರೆ. ಹಳೆಯ ನಾಣ್ಯಗಳ ಒಂದು ಮುಖದಲ್ಲಿ ಶಿಲುಬೆ ಇರುತ್ತಿತ್ತು. ಬ್ಯಾಂಕಿನಲ್ಲಿ ದಿನವೂ ಚಿಲ್ಲರೆ ಎಣಿಸುವ ನನಗೆ ಇದು ಬಹಳ ಹಿಡಿಸಿತು. ಆದರೆ 1795ರವರೆಗೆ ಕೊಚ್ಚಿಯಲ್ಲಿದ್ದರೂ ಡಚ್ಚರ ಪದ ಕುರಿಶನ್ನು ಕದಲಿಸಲಿಲ್ಲ.

ನಮ್ಮ ಶಿಲುಬೆ ಬೇರೆ ಮನೆತನದ್ದು. ಸಿರಿಯಕ್ ಭಾಷೆಯ ‘ಸ್ಲೀಬಾ’ ತಮಿಳಿನಲ್ಲಿ ಸಿಲುವೈ, ತೆಲುಗಿನಲ್ಲಿ ಸಿಲುವ, ಕನ್ನಡದಲ್ಲಿ ಶಿಲುಬೆಯಾಯಿತು. ಸೋಜಿಗವೆಂದರೆ, ಸಿರಿಯಕ್ಕಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದವರು ಕೇರಳದ ನಸ್ರಾಣಿಗಳು; ಅಲ್ಲಿ ಸ್ಲೀಬಾ ಪೂಜಾವಿಧಿಯಲ್ಲಿ, ವ್ಯಕ್ತಿಗಳ ಹೆಸರಿನಲ್ಲಿ ಉಳಿದು, ದಿನಬಳಕೆಯನ್ನು ಕುರಿಶಿಗೆ ಬಿಟ್ಟುಕೊಟ್ಟಿತು.

ಶಿಕ್ಷೆಯ ಪದಗಳಿಗೆ ಕನ್ನಡದಲ್ಲಿ ಬರವೇನೂ ಇರಲಿಲ್ಲ. ಶೂಲ ಇತ್ತು. ಜಹೀರಾಬಾದಿಗೆ ಹೆಚ್ಚು ದೂರವಲ್ಲದ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರಿಗೆ ಆಯಿತೆಂದು ಶರಣ ಪರಂಪರೆ ಹೇಳುವ ಎಳೆಹೂಟೆಯೂ ಇತ್ತು. ಆದರೆ ಶೂಲ ಮೈಯನ್ನು ತಿವಿಯುತ್ತದೆ. ಶಿಲುಬೆಯಲ್ಲಿ ಮೊಳೆ ಹೊಡೆದು ತೂಗುಹಾಕುತ್ತಾರೆ. ಕನ್ನಡ ಬೈಬಲ್ ಶಿಲುಬೆಯನ್ನೇ ಇಟ್ಟುಕೊಂಡದ್ದು ಸರಿ ಎಂದು ನನ್ನ ಎಣಿಕೆ.

ತೆಲುಗು ಶಾಲೆಗೆ ಹೋಗುವ ತಾಂಡೂರಿನ ಕನ್ನಡ ಮನೆಯ ಮಗುವಿಗೆ ‘ಶಿ’ ‘ಸಿ’ಯಾಗಿ, ‘ಬೆ’ ‘ವ’ ಆದರೆ ಸಾಕು, ಮನೆಯ ಪದವೇ ಶಾಲೆಯ ಪದ. ನಮ್ಮ ಮಕ್ಕಳು ಮಾತ್ರ ಎರಡನ್ನೂ ಬೇರೆಬೇರೆಯಾಗಿಯೇ ಕಲಿಯಬೇಕು.