ಕೊಟ್ಟವರು, ಕೊಡಿಸಿದವರು

‘ರೀಎಂಟ್ರಿ’ ಎಂಬ ಪದದ ಪಕ್ಕದಲ್ಲಿ ಕನ್ನಡದ ಒಂದೇ ಕ್ರಿಯಾಪದ ಸಲೀಸಾಗಿ ಕೂರುತ್ತದೆ: ಕೊಡು. ನಟಿ ರೀಎಂಟ್ರಿ ಕೊಟ್ಟಳು, ಗಾಯಕ ರೀಎಂಟ್ರಿ ಕೊಟ್ಟ. ಎರಡು ವಾರ ಮುಖ ತೋರಿಸದ ಮಳೆಯೂ ಟೀವಿಯಲ್ಲಿ ರೀಎಂಟ್ರಿಯನ್ನೇ ಕೊಡುತ್ತದೆ. ‘ಆದ’, ‘ಪಡೆದ’ ಎಂದು ಹಚ್ಚಿ ನೋಡಿ, ಒಗ್ಗುವುದಿಲ್ಲ. ಹಿಂದೂಪುರದ ಬಸ್ ನಿಲ್ದಾಣದಲ್ಲಿ ಇದೇ ಮಾತು ತೆಲುಗಿನಲ್ಲಿ ಕಿವಿಗೆ ಬಿದ್ದರೆ ‘ರೀಎಂಟ್ರಿ ಇಚ್ಚಾಡು’. ಅಲ್ಲಿಯೂ ಕೊಡುವುದೇ. ಹಿಂದೂಪುರದಿಂದ ಗೌರಿಬಿದನೂರಿಗೆ ಬನ್ನಿ, ಕಲ್ಯಾಣದುರ್ಗದಿಂದ ಪಾವಗಡದ ಕಡೆಗೆ ಹೊರಳಿ, ಇಂಗ್ಲಿಷ್ ಪದ ಹಾಗೇ ಇರುತ್ತದೆ. ಕೊಡುವುದು ಮಾತ್ರ ಭಾಷೆ ಬದಲಿಸುತ್ತದೆ. ಯಾರಿಂದ ಯಾರಿಗೆ ದಾಟಿತೆಂದು ಹುಡುಕುವುದು ವ್ಯರ್ಥ. ಒಂದೇ ಮನೆಯೊಳಗೆ ಅಡುಗೆಗೆ ಕನ್ನಡ, ಅಂಗಡಿಗೆ ತೆಲುಗು ಇರುವ ಸೀಮೆ ಅದು.

ಈ ಪದದ ಮುಂಭಾಗ ನಮಗೆ ಹೊರಗಿನದು ಅನ್ನಿಸದೇ ಇರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ‘ರೀ’ ಎಂದರೆ ನಮ್ಮಲ್ಲಿ ಹೆಂಡತಿ ಗಂಡನನ್ನು ಕರೆಯುವ ಸದ್ದು. ಸಂಗೀತದವರಿಗೆ ಷಡ್ಜದ ಮುಂದಿನ ಮೆಟ್ಟಿಲು. ವ್ಯುತ್ಪತ್ತಿಶಾಸ್ತ್ರಕ್ಕೆ ಇದು ಒಪ್ಪುವ ಮಾತಲ್ಲ, ಬಿಡಿ.

‘ಎಂಟ್ರಿ’ ಮೊದಲು ನಮ್ಮ ಬಾಯಿಗೆ ಬಂದದ್ದು ಸಿನಿಮಾದಿಂದಲ್ಲ, ಲೆಕ್ಕದ ಪುಸ್ತಕದಿಂದ. ಅಲ್ಲಿ ಅದರ ಕ್ರಿಯಾಪದ ‘ಹಾಕು’. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಾ ಎಂದರೆ ಯಾರೂ ಶಿಳ್ಳೆ ಹೊಡೆಯುವುದಿಲ್ಲ. ಎಂಟ್ರಿ ಹಾಕುವವನು ಗುಮಾಸ್ತ, ಹಾಕಿಸಿಕೊಳ್ಳುವವನು ಸರತಿಯಲ್ಲಿ ನಿಂತವನು. ಪರದೆಯ ಮೇಲೆ ನಾಯಕನ ಕಾಲು ಮೊದಲು, ಮುಖ ಆಮೇಲೆ ಕಾಣುವ ಕಾಲ ಬಂದಾಗಲೇ ‘ಹಾಕು’ ಬಿದ್ದುಹೋಗಿ ‘ಕೊಡು’ ಹತ್ತಿಕೊಂಡದ್ದು. ಅಲ್ಲಿಗೆ ಗುಮಾಸ್ತನೂ ಮಾಯ. ಬಂದವನೇ ದಾನಿ, ನೋಡುವವರು ಪಡೆಯುವವರು.

ಹಾಡಿನ ಲೋಕದಲ್ಲಿ ಈ ಪದ ಬಹುಕಾಲ ಲೆಕ್ಕದ ಪುಸ್ತಕದ ಮಾತಾಗಿಯೇ ಇತ್ತು. ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆ 1958ರಿಂದ ವಾರವಾರ ನೂರು ಹಾಡುಗಳ ಪಟ್ಟಿ ಅಚ್ಚು ಹಾಕುತ್ತದೆ. ಪಟ್ಟಿಯಿಂದ ಬಿದ್ದುಹೋದ ಹಾಡು ತಿರುಗಿ ಬಂದರೆ, ಕಳೆದ ವಾರದ ಸ್ಥಾನ ತೋರಿಸಬೇಕಾದ ಜಾಗದಲ್ಲಿ ಅಂಕಿ ಇರುವುದಿಲ್ಲ. ಅಲ್ಲಿ ರೀಎಂಟ್ರಿ ಎಂದು ಬೀಳುತ್ತದೆ. ಕೊಟ್ಟವರ ಸುದ್ದಿಯೇ ಇಲ್ಲ, ಬರೀ ಷರಾ. ಕೇಟ್ ಬುಷ್ ಎಂಬ ಗಾಯಕಿ 1985ರಲ್ಲಿ ಹಾಡಿದ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಆಗ ಮೂರನೆಯ ಸ್ಥಾನಕ್ಕೆ ನಿಂತಿತ್ತು. 2022ರಲ್ಲಿ ಒಂದು ಟೀವಿ ಧಾರಾವಾಹಿ ಅದನ್ನು ಬಳಸಿಕೊಂಡಿತು. ಆ ಜೂನ್‌ನಲ್ಲಿ ಹಾಡು ಒಂದನೆಯ ಸ್ಥಾನಕ್ಕೆ ಏರಿತು. ನಡುವೆ 37 ವರ್ಷ. ಆಕೆ ಏನನ್ನು ಕೊಟ್ಟಂತಾಯಿತು? ಹೊಸದಾಗಿ ಒಂದು ಸ್ವರವನ್ನೂ ಹಾಡಿರಲಿಲ್ಲ.

ನಮ್ಮಲ್ಲಿ ಪಟ್ಟಿ ಎಂದರೆ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ. 1952ರಿಂದ ರೇಡಿಯೋ ಸಿಲೋನಿನಲ್ಲಿ, ಹಿಂದಿ ಹಾಡುಗಳಿಗೆ. ಕನ್ನಡಕ್ಕೆ ಅಂಥ ಪಟ್ಟಿ ಇರಲಿಲ್ಲ, ಕೋರಿಕೆಯ ಕಾರ್ಡುಗಳಿದ್ದವು. ಪಟ್ಟಿಯೇ ಇಲ್ಲದ ಕಡೆ ಗೈರುಹಾಜರಿ ಗುರುತಿಸುವುದು ಹೇಗೆ? ರಾಜಕುಮಾರ್ 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರ ಜೊತೆ ಹಾಡಿದ್ದರು. ಆಮೇಲೆ ಅವರ ತುಟಿಗೆ ಪಿ.ಬಿ. ಶ್ರೀನಿವಾಸರ ದನಿ ಎಷ್ಟು ಹೊಂದಿತೆಂದರೆ, ಅಣ್ಣಾವ್ರು ಹಾಡುವುದನ್ನು ಬಿಟ್ಟಿದ್ದಾರೆಂದು ಯಾರಿಗೂ ಅನ್ನಿಸಲಿಲ್ಲ. 1974ರಲ್ಲಿ ‘ಸಂಪತ್ತಿಗೆ ಸವಾಲ್’ನ ಎಮ್ಮೆಯ ಹಾಡಿಗೆ ಅವರೇ ದನಿಯಾದಾಗ ಜನ ಅದನ್ನು ಹೊಸ ಗಾಯಕನ ಆಗಮನವೆಂದೇ ಬಗೆದರು. ಹದಿನೈದು ವರ್ಷದ ಬಳಿಕದ ವಾಪಸಾತಿಗೆ ಆಗ ಹೆಸರಿರಲಿಲ್ಲ. 1989ರ ‘ಪರಶುರಾಮ್’ ಆದಮೇಲೆ ತೆರೆಯಿಂದ ದೂರವಿದ್ದು 1992ರಲ್ಲಿ ‘ಜೀವನ ಚೈತ್ರ’ಕ್ಕೆ ಬಂದರು, ಆ ಚಿತ್ರದ ಹಾಡಿಗೆ ಶ್ರೇಷ್ಠ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಇವತ್ತಾಗಿದ್ದರೆ ಅದು ಮೂರೂ ಹೊತ್ತು ಪರದೆಯ ಮೇಲೆ ಓಡುವ ರೀಎಂಟ್ರಿ.

ಹಿಂದೂಪುರಕ್ಕೆ ಈ ಪದ ಸಿನಿಮಾ ಮಂದಿರದಿಂದಷ್ಟೇ ಬಂದದ್ದಲ್ಲ, ಮತಪೆಟ್ಟಿಗೆಯಿಂದಲೂ ಬಂತು. ಎನ್.ಟಿ. ರಾಮರಾವ್ 1989ರಲ್ಲಿ ಕಲ್ವಕುರ್ತಿಯಲ್ಲಿ ಸೋತರು, ರಾಜ್ಯವನ್ನೂ ಕಳೆದುಕೊಂಡರು. ಹಿಂದೂಪುರ ಮಾತ್ರ ಕೈಬಿಡಲಿಲ್ಲ. 1994ರಲ್ಲಿ ಅಲ್ಲಿಂದಲೇ ಗೆದ್ದು ಮತ್ತೆ ಮುಖ್ಯಮಂತ್ರಿಯಾದರು. 2014ರಿಂದ ಆ ಕ್ಷೇತ್ರ ಮಗ ಬಾಲಕೃಷ್ಣರದ್ದು. ಈಚಿನ ವರ್ಷಗಳಲ್ಲಿ ಅವರ ಚಿತ್ರಗಳಿಗೆ, ‘ಅಖಂಡ’ದಿಂದ ಮೊದಲುಗೊಂಡು, ಸಂಗೀತ ಹೆಚ್ಚಾಗಿ ತಮನ್ ಅವರದು. ಎಂಟ್ರಿಯ ದೃಶ್ಯಕ್ಕೆ ಸ್ಪೀಕರುಗಳು ನಡುಗುವಂತೆ ಬಾರಿಸುವುದರಲ್ಲಿ ಅವರು ಗಟ್ಟಿಗರು. ಅದೇ ತಮನ್ 2011ರಲ್ಲಿ ‘ಒಸ್ತಿ’ ಎಂಬ ತಮಿಳು ಚಿತ್ರಕ್ಕೆ ಎಲ್.ಆರ್. ಈಶ್ವರಿಯವರನ್ನು ಕರೆಸಿ ಹಾಡಿಸಿದರು. ಕನ್ನಡದವರಿಗೆ 1970ರ ‘ಪರೋಪಕಾರಿ’ಯ ತುಂಟ ಹಾಡಿನಿಂದ ಗೊತ್ತಿರುವ ದನಿ. ಹಾಡು ಹಿಟ್ಟಾಯಿತು, ಈಶ್ವರಿ ಮರಳಿ ಬಂದರೆಂದು ಎಲ್ಲೆಡೆ ಬರೆದರು.

ಎಲ್ಲಿಂದ ಮರಳಿದರು? ನಡುವಿನ ಅಷ್ಟೂ ಕಾಲ ಆಷಾಢ ಬಂದರೆ ತಮಿಳುನಾಡಿನ ಮಾರಿಯಮ್ಮನ ಗುಡಿಗಳ ಮೈಕಿನಲ್ಲಿ ಮೊಳಗುತ್ತಿದ್ದದ್ದು ಅವರದೇ ದನಿ. ಸಿನಿಮಾದ ಪಟ್ಟಿ ಅವರನ್ನು ಬಿಟ್ಟಿತ್ತು, ಅವರು ಹಾಡುವುದನ್ನು ಬಿಟ್ಟಿರಲಿಲ್ಲ. ರೀಎಂಟ್ರಿ ಎಂಬ ಪದ ಯಾವಾಗಲೂ ಪಟ್ಟಿಯ ಕಡೆ ನಿಂತು ಮಾತಾಡುತ್ತದೆ. ತನ್ನ ಪುಸ್ತಕದಲ್ಲಿ ಹೆಸರಿಲ್ಲದವರು ಊರಲ್ಲೇ ಇರಲಿಲ್ಲವೆಂದು ನಂಬುವ ಗುಮಾಸ್ತನ ಹಾಗೆ.

ಇನ್ನು ಕಲ್ಯಾಣದುರ್ಗ. ನನ್ನ ಮಟ್ಟಿಗೆ ಭಾರತೀಯ ಸಂಗೀತದ ಅತಿ ದೊಡ್ಡ ವಾಪಸಾತಿಯ ಒಂದು ತುದಿ ಇರುವುದು ಅಲ್ಲಿ. ಆ ತಾಲ್ಲೂಕಿನ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣಶರ್ಮರು ಹುಡುಗನಾಗಿದ್ದಾಗಲೇ ಮೈಸೂರಿಗೆ ಬಂದರು, ಪರಕಾಲ ಮಠದಲ್ಲಿ ಸಂಸ್ಕೃತ ಓದಿದರು, ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತ ಕಲಿತರು. 1912ರಲ್ಲಿ ಮಹಾರಾಜ ಕಾಲೇಜಿನ ತೆಲುಗು ಪಂಡಿತರಾದವರು 1949ರವರೆಗೆ ಅಲ್ಲೇ ಇದ್ದರು. ತೆಲುಗಿನಲ್ಲಿ ವೇಮನನ ಮೇಲೆ ಉಪನ್ಯಾಸ, ಪೆನುಕೊಂಡೆಯ ಬೆಟ್ಟದ ಮೇಲೆ ಹಾಡು, ಕನ್ನಡದಲ್ಲಿ ‘ಗಾನಕಲೆ’. ಗಡಿಸೀಮೆಯವರ ಎರಡು ನಾಲಗೆ ಅವರಲ್ಲಿ ಎರಡು ಪಾಂಡಿತ್ಯವಾಗಿತ್ತು.

ಆ ವಾಪಸಾತಿಯ ಇನ್ನೊಂದು ತುದಿ ತಾಳ್ಳಪಾಕ. ಅಲ್ಲಿಯ ಅನ್ನಮಾಚಾರ್ಯರು, ಜನರ ಬಾಯಲ್ಲಿ ಅನ್ನಮಯ್ಯ, ತೀರಿಕೊಂಡದ್ದು 1503ರಲ್ಲಿ. ಮೂವತ್ತೆರಡು ಸಾವಿರ ಸಂಕೀರ್ತನೆ ಹಾಡಿದರೆಂದು ಹೇಳಿಕೆ. ಅವರ ಮನೆತನದವರು ಅವನ್ನು ತಾಮ್ರದ ಹಲಗೆಗಳಲ್ಲಿ ಕೊರೆಸಿ ತಿರುಮಲೆಯ ದೇವಾಲಯದಲ್ಲೇ, ಸಂಕೀರ್ತನ ಭಂಡಾರವೆಂಬ ಕೋಣೆಯಲ್ಲಿ ಇಟ್ಟರು. ಕಾಲ ಸರಿದಂತೆ ಹಾಡುಗಳು ಬಾಯಿಂದ ಬಿಟ್ಟುಹೋದವು. ಪೂರ್ತಿ ಅಲ್ಲ. ಭಜನೆಯವರು ಆರಂಭಕ್ಕೆ ಹಾಡುವ ತೋಡಯ ಮಂಗಳದೊಳಗೆ ಅನ್ನಮಯ್ಯನ ರಚನೆ ಉಳಿದೇ ಇತ್ತು, ಯಾರದೆಂದು ಹಾಡುವವರಲ್ಲಿ ಎಷ್ಟು ಜನರಿಗೆ ತಿಳಿದಿತ್ತೋ. ಪುರಂದರದಾಸರಿಗೆ ಈ ಗತಿ ಬರಲಿಲ್ಲ, ದಾಸರ ಪದಗಳಿಗೆ ಭಂಡಾರವಿರಲಿಲ್ಲ, ಬಾಯಿಗಳಿದ್ದವು. ಬಾಯಲ್ಲಿ ಇದ್ದದ್ದು ಮಟ್ಟು ಬದಲಿಸಿಕೊಂಡು ಉಳಿಯಿತು. ತಾಮ್ರದಲ್ಲಿ ಇದ್ದದ್ದು ಅಕ್ಷರ ಬದಲಿಸದೆ ಮಲಗಿತು.

1920ರ ದಶಕದಲ್ಲಿ ಸಾಧು ಸುಬ್ರಹ್ಮಣ್ಯ ಶಾಸ್ತ್ರಿಗಳ ಕಾಲಕ್ಕೆ ಹಲಗೆಗಳು ಹೊರಬಂದು ವಿದ್ವಾಂಸರ ಕೈಸೇರಿದವು. ಆಮೇಲೆ ವೇಟೂರಿ ಪ್ರಭಾಕರ ಶಾಸ್ತ್ರಿಗಳು ಅವನ್ನು ಸಂಪಾದಿಸುತ್ತಿದ್ದರು. 1950ರಲ್ಲಿ ಅವರು ತೀರಿಕೊಂಡರು. ಮೈಸೂರಿನಲ್ಲಿ ಆಗಷ್ಟೇ ನಿವೃತ್ತರಾಗಿದ್ದ ಶರ್ಮರನ್ನು ತಿರುಪತಿಯಿಂದ ಕರೆದರು. ಹಲಗೆಯ ಮೇಲೆ ಪ್ರತಿ ಹಾಡಿಗೂ ರಾಗದ ಹೆಸರಿತ್ತು, ಸ್ವರ ಇರಲಿಲ್ಲ. ಶರ್ಮರು ಪಾಠ ತಿದ್ದಿ ಸಂಪುಟಗಳನ್ನು ಹೊರತಂದದ್ದಷ್ಟೇ ಅಲ್ಲ, ನೂರಕ್ಕೂ ಹೆಚ್ಚು ಹಾಡುಗಳಿಗೆ ತಾವೇ ಸ್ವರ ಕೂರಿಸಿದರು. ಸಾಹಿತ್ಯ ಹದಿನೈದನೆಯ ಶತಮಾನದ್ದು, ಸಂಗೀತ ಇಪ್ಪತ್ತನೆಯದು. 2023ರಲ್ಲಿ ಬೀಟಲ್ಸ್ ತಂಡದ ‘ಕೊನೆಯ ಹಾಡು’ ಬ್ರಿಟನ್ನಿನ ಪಟ್ಟಿಯ ತುದಿಗೇರಿದಾಗಲೂ ಆದದ್ದು ಇಂಥದೇ. ಸತ್ತ ಲೆನನ್‌ನ ದನಿಯನ್ನು 1970ರ ದಶಕದ ಕ್ಯಾಸೆಟ್ಟಿನಿಂದ ಯಂತ್ರದಲ್ಲಿ ಬಿಡಿಸಿ ತೆಗೆದು ಉಳಿದವರು ಜೊತೆಗೂಡಿಸಿದರು. ಅಲ್ಲಿ ದನಿಯಾದರೂ ಲೆನನ್‌ನದೇ. ಇಲ್ಲಿ ದನಿಯ ನೆನಪೂ ಇರಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತು. 1980ರ ಆಸುಪಾಸಿನಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಧ್ವನಿಮುದ್ರಿಕೆಗಳು, ಗಾಯಕ ಬಾಲಕೃಷ್ಣಪ್ರಸಾದರ ಕ್ಯಾಸೆಟ್ಟುಗಳು, 1997ರಲ್ಲಿ ‘ಅನ್ನಮಯ್ಯ’ ಸಿನಿಮಾ. ಅದರಲ್ಲಿ ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಒಂದು ಕಾಲಕ್ಕೆ ಅನಂತಪುರದ ಎಂಜಿನಿಯರಿಂಗ್ ಕಾಲೇಜಿಗೆ ಸೇರಿ ಅರ್ಧಕ್ಕೆ ಬಿಟ್ಟವರು. ಕಲ್ಯಾಣದುರ್ಗವಿರುವ ಆ ಜಿಲ್ಲೆಯ ಋಣ ಎಲ್ಲೆಲ್ಲೋ ಅಂಟಿಕೊಂಡಿದೆ. ಚಿತ್ರದ ಸಂಗೀತಕ್ಕೆ ಕೀರವಾಣಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಶರ್ಮರಿಗೆ 1974ರಲ್ಲಿ ಮದ್ರಾಸಿನ ಸಂಗೀತ ಕಲಾನಿಧಿ ಬಂದಿತ್ತು, 1979ರಲ್ಲಿ ತೀರಿಕೊಂಡರು.

ಈಗ ವ್ಯಾಕರಣಕ್ಕೆ ಬರೋಣ. ಅನ್ನಮಯ್ಯ ರೀಎಂಟ್ರಿ ಕೊಟ್ಟ ಎಂದು ಬರೆದರೆ ಐನೂರು ವರ್ಷದ ಹಿಂದೆ ಸತ್ತವನ ಮೇಲೆ ಕ್ರಿಯೆಯ ಭಾರ ಹೊರಿಸಿದಂತೆ. ಕನ್ನಡದಲ್ಲಿ ಇದಕ್ಕೆ ಬೇಕಾದ ರೂಪ ಕೈಗೆಟಕುವಷ್ಟು ಹತ್ತಿರದಲ್ಲೇ ಇದೆ: ‘ಕೊಡಿಸು’. ಹಬ್ಬಕ್ಕೆ ಸೀರೆ ಕೊಡಿಸಿದ, ಮಗನಿಗೆ ಸೈಕಲ್ ಕೊಡಿಸಿದ. ದುಡ್ಡು ಒಬ್ಬರದು, ವಸ್ತು ಇನ್ನೊಬ್ಬರ ಕೈಗೆ. ತಮನ್ ಈಶ್ವರಿಯವರಿಗೆ ರೀಎಂಟ್ರಿ ಕೊಡಿಸಿದರು. ರಾಳ್ಳಪಲ್ಲಿ ಶರ್ಮರು ಅನ್ನಮಯ್ಯನಿಗೆ ಕೊಡಿಸಿದರು. ಒಂದು ‘ಇಸು’ ಸೇರಿಸಿದರೆ ಮಾಯವಾದ ಗುಮಾಸ್ತ ಹೊರಗೆ ಕಾಣುತ್ತಾನೆ. ತೆಲುಗಿನವರಿಗೂ ‘ಇಪ್ಪಿಂಚಾಡು’ ಇದೆ. ಆದರೂ ಶೀರ್ಷಿಕೆಗಳಲ್ಲಿ ಈ ರೂಪ ನನ್ನ ಕಣ್ಣಿಗೆ ಬಿದ್ದಿಲ್ಲ. ಎರಡು ಅಕ್ಷರ ಹೆಚ್ಚಾಗುತ್ತದೆಂದು ಉಪಸಂಪಾದಕರು ಗೊಣಗಬಹುದು. ಗೊಣಗಲಿ, ‘ಸೂಪರ್’ ತೆಗೆದರೆ ಜಾಗ ಸಿಗುತ್ತದೆ.